ಕುರ್ಚಿಗೆ ಹೊದಿಸಿದ ಬಟ್ಟೆ

ಸೋಫಾದ ಬಟ್ಟೆಯನ್ನು ಆರಿಸುವವರು ಒಬ್ಬರು, ಒಗೆಯುವವರು ಇನ್ನೊಬ್ಬರು. ಹುಬ್ಬಳ್ಳಿಯ ನಮ್ಮ ಮನೆಯ ಮುಂಗೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಸೋಫಾ, ದಿವಾನ, ಕುರ್ಚಿಗಳಿಗೆ ಕವರು ಹೊಲಿದುಕೊಡುತ್ತಿದ್ದ ಕಾಲದಲ್ಲಿ ಇದನ್ನು ಎಷ್ಟೋ ಮನೆಗಳಲ್ಲಿ ಕಂಡೆ. ಬಟ್ಟೆಯ ಗಂಟು ಹಿಡಿದು ಬಂದವರು ಗೋಡೆಯ ಬಣ್ಣ ಹೇಳುತ್ತಿದ್ದರು, ಪರದೆಯ ಹೂವು ಹೇಳುತ್ತಿದ್ದರು, ಬರಲಿರುವ ಬೀಗರ ಸುದ್ದಿ ಹೇಳುತ್ತಿದ್ದರು. ಟೇಪು ಕೈಗೆತ್ತಿಕೊಳ್ಳುವ ಮೊದಲು ನಾನು ಕೇಳುತ್ತಿದ್ದದ್ದು ಎರಡೇ ಮಾತು: "ಇದನ್ನ ಒಗಿಯೋರು ಯಾರ್ರಿ? ಎಲ್ಲಿ ಒಣಾ ಹಾಕ್ತೀರಿ?" ಅಲ್ಲಿಯವರೆಗೆ ಸುಮ್ಮನೆ ನಿಂತಿದ್ದ ಹೆಂಗಸು ಆಗ ಮುಂದೆ ಬಂದು ಬಟ್ಟೆಯ ಅಂಚನ್ನು ಬೆರಳಲ್ಲಿ ಹಿಡಿದು ನೋಡುತ್ತಿದ್ದಳು. ಬಟ್ಟೆಯ ವಿಚಾರ ನಿಜವಾಗಿ ಶುರುವಾಗುತ್ತಿದ್ದದ್ದು ಅಲ್ಲಿಂದ.

ಆ ಪ್ರಶ್ನೆ ನನಗೆ ಅಮ್ಮನಿಂದ ಬಂದದ್ದು. ನಾನು ಹುಟ್ಟಿ ಬೆಳೆದದ್ದು ಮಲೆನಾಡಿನ ಸಾಗರದ ಕಡೆಯ ಅಡಿಕೆ ತೋಟದ ಮನೆಯಲ್ಲಿ. ಮಳೆ ಹಿಡಿಯಿತೆಂದರೆ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಅಂಗಳದ ತಂತಿ ಖಾಲಿ. ಒಗೆದದ್ದೆಲ್ಲ ಬಚ್ಚಲ ಒಲೆಯ ಮೇಲಿನ ಗಳಕ್ಕೆ ಹೋಗಬೇಕು, ಹೊಗೆ ಕುಡಿಯುತ್ತಾ ಒಣಗಬೇಕು. ತೆಳು ಪಂಚೆ ಒಂದು ರಾತ್ರಿಗೆ ಕೈಗೆ ಬರುತ್ತಿತ್ತು. ದಪ್ಪ ಹೊದಿಕೆ ಮೂರು ದಿನವಾದರೂ ಮಡಿಕೆಯಲ್ಲಿ ತಣ್ಣಗೇ ಇರುತ್ತಿತ್ತು, ನಾಲ್ಕನೆಯ ದಿನ ಮುಗ್ಗಲು ವಾಸನೆ. ಒಗೆಯಬಹುದಾದ ಬಟ್ಟೆ ಎಂದು ಅಂಗಡಿಯವರು ಹೇಳುವುದು ಅರ್ಧ ಮಾತು. ಎಷ್ಟು ಹೊತ್ತಿಗೆ ಒಣಗುತ್ತದೆ ಎಂಬುದು ಉಳಿದರ್ಧ, ಮತ್ತು ಮಲೆನಾಡಿನಲ್ಲಿ ಅದೇ ದೊಡ್ಡರ್ಧ.

ನಮ್ಮ ಜಗಲಿಯಲ್ಲಿ ಅಜ್ಜನ ಆರಾಮ ಕುರ್ಚಿ ಇತ್ತು. ಉದ್ದ ತೋಳಿನ, ಹಿಂದೆ ಒರಗಿ ಕಾಲು ಚಾಚಬಹುದಾದ ಕುರ್ಚಿ. ಆಸನವೆಂದರೆ ಒಂದೇ ಒಂದು ಪಟ್ಟೆಪಟ್ಟೆಯ ಕ್ಯಾನ್ವಾಸ್. ಎರಡೂ ತುದಿಯಲ್ಲಿ ಮಡಿಸಿ ಹೊಲಿದ ತೂಬು, ಅದರೊಳಗೆ ಒಂದೊಂದು ಮರದ ಕೋಲು. ಕೋಲು ಎಳೆದರೆ ಬಟ್ಟೆ ಕೈಗೆ ಬರುತ್ತಿತ್ತು, ಒಗೆದು ಒಣಗಿಸಿ ಮತ್ತೆ ತೂರಿಸಿದರೆ ಕುರ್ಚಿ ಸಿದ್ಧ. ಮೊಳೆಯಿಲ್ಲ, ಅಂಟಿಲ್ಲ, ಒಳಗೆ ತುಂಬಿದ ಏನೂ ಇಲ್ಲ. ದೊಡ್ಡ ಆಳಿನ ಪೂರಾ ಭಾರವನ್ನು ಆ ಒಂದು ಪದರ ಬಟ್ಟೆ ಹೊರುತ್ತಿತ್ತು, ಏಕೆಂದರೆ ಭಾರ ಬೀಳುವ ದಿಕ್ಕಿಗೆ ಹಾಸಿನ ಎಳೆ ಇರುವಂತೆ ಅದನ್ನು ಕತ್ತರಿಸಿದ್ದರು. ಮಗ್ಗದಲ್ಲಿ ಬಿಗಿದು ನಿಲ್ಲುವುದು ಹಾಸು, ಅಡ್ಡ ಓಡುವುದು ಹೊಕ್ಕು. ಸಾಮಾನ್ಯವಾಗಿ ಗಟ್ಟಿ ಇರುವುದು ಹಾಸು. ಹೊಲಿಗೆ ಕಲಿತ ಮೇಲೆ ಎಷ್ಟೋ ಬಗೆಯ ಆಸನಗಳನ್ನು ಬಿಚ್ಚಿ ನೋಡಿದ್ದೇನೆ. ಬಟ್ಟೆಯನ್ನೂ ಒಗೆಯುವವಳನ್ನೂ ಅಷ್ಟು ಗೌರವಿಸಿದ ಇನ್ನೊಂದು ಕುರ್ಚಿ ನನಗೆ ಸಿಕ್ಕಿಲ್ಲ.

ಅಡಿಕೆ ಕೈಹಿಡಿದ ಒಂದು ವರ್ಷ ಅಪ್ಪ ಪೇಟೆಯಿಂದ ಸೋಫಾ ಸೆಟ್ ತರಿಸಿದರು. ಕಡುಗೆಂಪು ವೆಲ್ವೆಟ್, ಒಳಗೆ ಫೋಮ್, ಸುತ್ತಲೂ ಹಿತ್ತಾಳೆ ಬಣ್ಣದ ಮೊಳೆಗಳ ಸಾಲು. ಊರಿನವರೆಲ್ಲ ಬಂದು ಕೂತು ಹೋದರು. ಆರಿದ್ರಾ ಮಳೆ ಮುಗಿಯುವಷ್ಟರಲ್ಲಿ ಕೆಂಪಿನ ಮೇಲೆ ಬಿಳಿ ಬೂಷ್ಟು ಚುಕ್ಕಿ ಚುಕ್ಕಿಯಾಗಿ ಎದ್ದಿತು. ಒರೆಸಿದರೆ ನಾಲ್ಕು ದಿನ ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ವೆಲ್ವೆಟ್ಟಿನ ಮೇಲೆ ನಿಂತಿರುವ ಎಳೆಗಳ ನಡುವೆ ಗಾಳಿಯ ತೇವ ಸೇರಿಕೊಳ್ಳುತ್ತದೆ, ಕೆಳಗಿನ ಫೋಮ್ ಒಮ್ಮೆ ತೇವ ಹೀರಿದರೆ ಮಳೆಗಾಲ ಮುಗಿಯುವವರೆಗೆ ಬಿಡುವುದಿಲ್ಲ. ಬಟ್ಟೆಯನ್ನು ಮರಕ್ಕೆ ಹೊಡೆದುಬಿಟ್ಟಿದ್ದರಿಂದ ಬಿಚ್ಚುವ ದಾರಿ ಇರಲಿಲ್ಲ. ಅದರ ಮೇಲೆ ಕವಳ ಹಾಕುವ ನೆಂಟರು. ಎಲೆ, ಸುಣ್ಣ, ಹೊಗೆಸೊಪ್ಪಿನ ಒಂದು ಹನಿ ಬಿದ್ದರೂ ಅದು ಅಲ್ಲೇ ಕಾಯಂ.

ಎರಡನೆಯ ಮಳೆಗಾಲಕ್ಕೆ ಅಮ್ಮ ಕಾಯಲಿಲ್ಲ. ವೆಲ್ವೆಟ್ಟನ್ನು ಕಿತ್ತು ತೆಗೆಸಿದಳು. ಸಾಗರದ ಅಂಗಡಿಯಿಂದ ದಪ್ಪ ಕೋರಾ ಬಟ್ಟೆಯನ್ನು ಬೇಕಾದ್ದಕ್ಕಿಂತ ಹೆಚ್ಚೇ ತರಿಸಿ, ಮೊದಲು ಸೋಡಾ ಹಾಕಿ ಕುದಿಸಿ ಗಂಜಿ ಬಿಡಿಸಿದಳು. ಆಮೇಲೆ ಅವಳು ಮಾಡಿದ್ದು ನಮ್ಮ ಕಡೆಯ ಹೆಂಗಸರಿಗೆ ಮಾತ್ರ ಹೊಳೆಯಬಹುದಾದ ಕೆಲಸ. ಹಸಿ ಅಡಿಕೆ ಸುಲಿದು ಬೇಯಿಸುವಾಗ ಹಂಡೆಯಲ್ಲಿ ಉಳಿಯುವ ಗಟ್ಟಿ ಕೆಂಗಂದು ನೀರಿಗೆ ಚೊಗರು ಎನ್ನುತ್ತಾರೆ. ಅದು ಬಟ್ಟೆಗೆ ತಾಗಿದರೆ ಹೋಗದೆಂದು ಮಲೆನಾಡಿನ ಮಕ್ಕಳಿಗೆಲ್ಲ ಗೊತ್ತು. ಅಡಿಕೆ ಸುಲಿಯುವ ರಾತ್ರಿಗಳಿಗೆಂದೇ ಹಳೆಯ ಸೀರೆ ಬೇರೆ ಎತ್ತಿಟ್ಟಿರುತ್ತಾರೆ. ಅಮ್ಮ ಆ ಇಡೀ ಕೋರಾ ಬಟ್ಟೆಯನ್ನು ಚೊಗರಿನ ಹಂಡೆಯಲ್ಲಿ ಅದ್ದಿ ಕುದಿಸಿದಳು. ಹೊರಬಂದದ್ದು ತೋಟದ ಮಣ್ಣಿನ ಬಣ್ಣದ ಬಟ್ಟೆ. ಇನ್ನು ಅದರ ಮೇಲೆ ಕವಳ ಬಿದ್ದರೇನು, ಕಾಫಿ ಬಿದ್ದರೇನು, ಮಕ್ಕಳು ಚೊಗರಿನ ಕೈ ಒರೆಸಿದರೇನು.

ಬಡಗಿ ಬಂದು ಕಬ್ಬಿಣದ ಸಣ್ಣ ಮೊಳೆ ಹೊಡೆಯಲು ಕೂತಾಗ ಅವಳು ತಡೆದಳು. ಚೊಗರಿಗೂ ಕಬ್ಬಿಣಕ್ಕೂ ಆಗಿಬರುವುದಿಲ್ಲ: ಅದರಲ್ಲಿರುವ ಒಗರಿನ ಅಂಶ ತುಕ್ಕಿನ ಜೊತೆ ಸೇರಿದರೆ ಮಸಿಗಪ್ಪು. ಹಳೆಯ ಕಾಲದ ಬರೆಯುವ ಮಸಿ ಮಾಡುತ್ತಿದ್ದದ್ದೂ ಒಗರು ಕಾಯಿ ಮತ್ತು ಕಬ್ಬಿಣದ ಉಪ್ಪಿನಿಂದಲೇ. ಆದ್ದರಿಂದ ಮೊಳೆಯ ಬದಲು ಅದೇ ಬಟ್ಟೆಯ ಲಾಡಿಗಳು ಬಂದವು, ಹಿಂದೆ ಗಂಟು. ಸಂಜೆ ಬಿಚ್ಚಿ ಒಗೆದು ಬಚ್ಚಲ ಒಲೆಯ ಮೇಲೆ ಹರಡಿದರೆ ಬೆಳಿಗ್ಗೆ ಮುಕ್ಕಾಲು ಒಣಗಿರುತ್ತಿತ್ತು. ಬಣ್ಣ ಮೆಲ್ಲಗೆ ಮಾಸುತ್ತಿತ್ತು. ಮುಂದಿನ ಅಡಿಕೆ ಕೊಯ್ಲಿನಲ್ಲಿ ಮತ್ತೆ ಹಂಡೆಗೆ ಹೋಗಿ ಹೊಸದಾಗಿ ಬರುತ್ತಿತ್ತು. ರಂಗಕರ್ಮಿ ಪ್ರಸನ್ನ ಅವರು ಕಟ್ಟಿದ, ನಮ್ಮ ಸಾಗರದ ಕಡೆಯದೇ ಆದ ಭೀಮನಕೋಣೆಯ ಚರಕ ಸಂಸ್ಥೆಯ ಹೆಂಗಸರು ಇದೇ ಅಡಿಕೆ ಚೊಗರಿನಿಂದ ಕೈಮಗ್ಗದ ಬಟ್ಟೆಗೆ ಬಣ್ಣ ಕಟ್ಟುವುದನ್ನು ಕಂಡಾಗ ನನಗೆ ಬಹಳ ಸಂತೋಷವಾಯಿತು. ಅಮ್ಮ ಮನೆಗಾಗಿ ಮಾಡಿದ್ದನ್ನು ಅವರು ಊರಿನ ಜೀವನೋಪಾಯವಾಗಿ ಮಾಡಿದ್ದಾರೆ.

ಮದುವೆಯಾಗಿ ಹುಬ್ಬಳ್ಳಿಗೆ ಬಂದೆ. ಇಲ್ಲಿ ಬೂಷ್ಟಿನ ಕಾಟ ಇಲ್ಲ. ಏಪ್ರಿಲ್ ಬಿಸಿಲಿಗೆ ದಪ್ಪ ಜಮಖಾನವೂ ಮಧ್ಯಾಹ್ನದೊಳಗೆ ಒಣಗುತ್ತದೆ. ಇಲ್ಲಿಯ ವೈರಿ ಧೂಳು. ಎರೆಮಣ್ಣಿನ ಧೂಳು ಕಿಟಕಿ ಮುಚ್ಚಿದರೂ ಬರುತ್ತದೆ, ಬಟ್ಟೆಯ ಎಳೆಗಳ ನಡುವೆ ಇಳಿಯುತ್ತದೆ. ಕೂತು ಏಳುವಾಗೆಲ್ಲ ಆ ಮರಳುಕಣಗಳು ಎಳೆಯನ್ನು ಒಳಗಿಂದ ಕೊಯ್ಯುತ್ತವೆ. ಸೋಫಾದ ಬಟ್ಟೆ ಕೂತದ್ದರಿಂದ ಸವೆದಷ್ಟೇ ಕೊಡವದೆ ಬಿಟ್ಟದ್ದರಿಂದಲೂ ಸವೆಯುತ್ತದೆ. ಅತ್ತೆಯ ಮನೆಯಲ್ಲಿ ಮರದ ಬೆಂಚಿನ ಮೇಲೆ ನವಲಗುಂದದ ಜಮಖಾನ ಹಾಸಿರುತ್ತಿತ್ತು. ಅಲ್ಲಿಯ ಹೆಂಗಸರು ನಿಲುವು ಮಗ್ಗದಲ್ಲಿ ದಪ್ಪ ಹತ್ತಿ ನೂಲಿನಿಂದ ಒತ್ತಾಗಿ ಕೂಡಿಸಿದ ನೇಯ್ಗೆ. ಅತ್ತೆ ವಾರಕ್ಕೊಮ್ಮೆ ಅದನ್ನು ಹಿತ್ತಲಿಗೆ ಒಯ್ದು ಕೋಲಿನಿಂದ ಬಡಿಯುತ್ತಿದ್ದರು, ನೀರು ತೋರಿಸುತ್ತಿದ್ದದ್ದು ವರ್ಷಕ್ಕೆ ಒಂದೆರಡು ಬಾರಿ. ಒಗೆತ ಕಡಿಮೆ, ಕೊಡವುವುದು ಹೆಚ್ಚು. ಒಣ ಸೀಮೆಯ ಲೆಕ್ಕ ಅದು, ಮತ್ತು ಸರಿಯಾದ ಲೆಕ್ಕ.

ಹುಬ್ಬಳ್ಳಿಯಲ್ಲಿ ಬಟ್ಟೆಯ ಪಾಠ ಕಲಿಯಲು ಬೆಂಗೇರಿಗಿಂತ ಒಳ್ಳೆಯ ಜಾಗ ಇಲ್ಲ. 1957ರಲ್ಲಿ ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇರುವುದು ಅಲ್ಲಿ, ಖಾದಿಯ ರಾಷ್ಟ್ರಧ್ವಜ ತಯಾರಾಗುವುದೂ ಅಲ್ಲಿ. ಬಾಗಲಕೋಟೆ ಕಡೆಯಿಂದ ಕೈನೂಲಿನ ಬಟ್ಟೆ ಬರುತ್ತದೆ, ಬೆಂಗೇರಿಯಲ್ಲಿ ಬಣ್ಣ ಮತ್ತು ಹೊಲಿಗೆ. ಧ್ವಜದ ಮೂರು ಬಣ್ಣಕ್ಕೆ ಒಂದು ಬಗೆಯ ಖಾದಿ. ಕಂಬದ ಕಡೆ ಹಗ್ಗ ಹಾಯುವ ಪಟ್ಟಿಗೆ ಬೇರೆ, ದಪ್ಪನೆಯ ಡಕ್ ಖಾದಿ. ಅಲ್ಲಿಯ ನಿಗದಿತ ಅಳತೆಗಳಲ್ಲಿ ಅತಿ ದೊಡ್ಡ ಧ್ವಜ 21 ಅಡಿ ಉದ್ದ, 14 ಅಡಿ ಅಗಲ. ಅಷ್ಟು ದೊಡ್ಡದರ ಮೇಲೆ ಗಾಳಿ ಬೀಸಿದಾಗ ಎಳೆತವೆಲ್ಲ ಬೀಳುವುದು ಆ ಪಟ್ಟಿಯ ಮೇಲೆ. ಆ ಡಕ್ ಬಟ್ಟೆಯನ್ನು ಬೆರಳಲ್ಲಿ ಹಿಡಿದ ದಿನ ನನ್ನ ಕೆಲಸಕ್ಕೆ ಒಂದು ದಾರಿ ಸಿಕ್ಕಿತು. ಇಡೀ ಸೋಫಾಕ್ಕೆ ಒಂದೇ ಬಟ್ಟೆ ಏಕೆ? ಕೂರುವ ಜಾಗ, ತೋಳು, ಮುಂದಿನ ಅಂಚು ಇವುಗಳಿಗೆ ಡಕ್ ಅಥವಾ ಕ್ಯಾನ್ವಾಸ್. ಬೆನ್ನಿಗೆ, ಹಿಂಬದಿಗೆ ಅದಕ್ಕಿಂತ ಹಗುರಾದದ್ದು. ಒಗೆಯುವಾಗ ತೂಕ ಇಳಿಯುತ್ತದೆ, ಒಣಗುವುದು ಬೇಗ, ದುಡ್ಡೂ ಉಳಿಯುತ್ತದೆ.

ಧ್ವಜದ ಬಣ್ಣ ಬಿಸಿಲಿಗೆ, ನೀರಿಗೆ ಎಷ್ಟು ತಾಳುತ್ತದೆ ಎಂಬುದನ್ನು ಪರೀಕ್ಷೆ ಮಾಡುತ್ತಾರೆ. ಭಾರತೀಯ ಮಾನಕ ಬ್ಯೂರೋದ ನಿಯಮವೇ ಇದೆ. ನಾವು ದಿನವೂ ಕೂರುವ ಬಟ್ಟೆಗೆ ಅಂಥ ಪರೀಕ್ಷೆ ಮಾಡಿ ಹೇಳುವವರು ನಮ್ಮ ಕಡೆ ಕಾಣದ್ದರಿಂದ ನಾನೇ ಮಾಡತೊಡಗಿದೆ. ಗಿರಾಕಿಗಳು ಬಟ್ಟೆ ತರುವ ಮೊದಲು ಅಂಗೈಗಿಂತ ದೊಡ್ಡ ತುಂಡೊಂದನ್ನು ಅಂಗಡಿಯಿಂದ ಕೇಳಿ ತರಲು ಹೇಳುತ್ತಿದ್ದೆ. ಅದನ್ನು ಕಾಗದದ ಮೇಲಿಟ್ಟು ಸುತ್ತಲೂ ಪೆನ್ಸಿಲ್ ಗೆರೆ ಹಾಕಿ, ಬಿಸಿನೀರಲ್ಲಿ ನೆನೆಸಿ, ಸೋಪು ಹಾಕಿ ಎರಡು ಸಲ ಒಗೆದು, ಬಿಸಿಲಿಗೆ ಹಾಕಿ ಮತ್ತೆ ಅದೇ ಗೆರೆಯ ಮೇಲೆ ಇಡುತ್ತಿದ್ದೆ. ಎಷ್ಟು ಕುಗ್ಗಿತು ಎಂಬುದು ಕಣ್ಣಿಗೇ ಕಾಣುತ್ತಿತ್ತು. ಒದ್ದೆ ತುಂಡನ್ನು ಬಿಳಿ ಪಂಚೆಯ ಚೂರಿನಿಂದ ಉಜ್ಜಿದರೆ ಬಣ್ಣದ ನಿಜ ಹೊರಗೆ. ದೀಪಕ್ಕೆ ಹಿಡಿದರೆ ನೇಯ್ಗೆಯ ಸಂದು. ಎರಡು ಹೆಬ್ಬೆರಳಿನಿಂದ ಎಳೆದರೆ ಎಳೆ ಸರಿಯುತ್ತದೋ ಇಲ್ಲವೋ. ಎಳೆ ಸರಿಯುವ ಬಟ್ಟೆ ಎಷ್ಟೇ ಚೆಂದವಿರಲಿ, ಹೊಲಿಗೆಯ ಬದಿಯಲ್ಲಿ ಬಾಯಿ ಬಿಡುತ್ತದೆ.

ಕುಗ್ಗುವಿಕೆ ಎಂಬುದು ಈ ಕಸುಬಿನ ಮುಖ್ಯ ವಿಷಯ, ಆದ್ದರಿಂದ ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಮಗ್ಗದಲ್ಲೂ ಮಿಲ್ಲಿನಲ್ಲೂ ಎಳೆಗಳನ್ನು ಬಿಗಿದೇ ನೇಯುತ್ತಾರೆ. ನೀರು ಸೋಕಿದಾಗ ಹತ್ತಿಯ ಎಳೆ ಊದಿ, ಬಿಗಿತ ಸಡಿಲಿಸಿಕೊಂಡು ತನ್ನ ಸಹಜ ಉದ್ದಕ್ಕೆ ಮರಳುತ್ತದೆ. ನೂರಕ್ಕೆ 5 ಕುಗ್ಗಿದರೂ 24 ಇಂಚಿನ ದಿಂಬಿನಲ್ಲಿ ಒಂದು ಇಂಚಿಗಿಂತ ಹೆಚ್ಚು ಹೋಯಿತು. ಆರಡಿ ಉದ್ದದ ಹೊದಿಕೆಯಲ್ಲಿ ಮೂರೂವರೆ ಇಂಚು. ಮೊದಲ ಒಗೆತದ ನಂತರ ಕವರಿನ ಜಿಪ್ ಕೂಡದೆ ಒದ್ದಾಡುವುದು ಇದರಿಂದಲೇ. ನಮ್ಮ ಚಿಕ್ಕಂದಿನಲ್ಲಿ ಮಿಲ್ ಬಟ್ಟೆಯ ಅಂಚಿನ ಮೇಲೆ 'ಸ್ಯಾನ್‌ಫೊರೈಸ್ಡ್' ಎಂಬ ಮುದ್ರೆ ಇರುತ್ತಿತ್ತು. ಸ್ಯಾನ್‌ಫೋರ್ಡ್ ಕ್ಲೂಯೆಟ್ ಎಂಬ ಅಮೆರಿಕದವರು ಕಂಡುಹಿಡಿದ ವಿಧಾನ. ಬಟ್ಟೆಯನ್ನು ಮಾರುವ ಮೊದಲೇ ಯಂತ್ರದಲ್ಲಿ ಕುಗ್ಗಿಸಿಬಿಡುವುದು. ಆ ಮುದ್ರೆ ಇಲ್ಲದ ಬಟ್ಟೆಗೆ, ಅದರಲ್ಲೂ ಖಾದಿ ಮತ್ತು ಕೈಮಗ್ಗದ್ದಕ್ಕೆ, ಒಂದೇ ದಾರಿ: ಇಡೀ ಥಾನನ್ನು ನೆನೆಸಿ, ಮುಂದೆ ಹೇಗೆ ಒಗೆಯುವಿರೋ ಹಾಗೆಯೇ ಒಗೆದು, ಒಣಗಿಸಿ, ಆಮೇಲೆ ಕತ್ತರಿ ಹಾಕುವುದು. ಕವರಿನ ಅಂಚಿಗೆ ಕೂಡಿಸುವ ಪೈಪಿಂಗಿನ ಒಳಗೆ ಹಾಕುವ ಹತ್ತಿಯ ದಾರವನ್ನೂ ನೆನೆಸಬೇಕು. ದಾರ ಆಮೇಲೆ ಕುಗ್ಗಿದರೆ ಕವರಿನ ಅಂಚೆಲ್ಲ ಸುಕ್ಕು.

ಗಟ್ಟಿತನದ ವಿಷಯದಲ್ಲಿ ನೂಲಿನ ನಂಬರು ತಿಳಿದಿರಬೇಕು. ನಂಬರು ಏರಿದಷ್ಟೂ ನೂಲು ನಯ ಮತ್ತು ತೆಳು: 80ರ, 100ರ ನೂಲು ಪಂಚೆಗೆ ಭೂಷಣ, ಸೋಫಾಕ್ಕೆ 10ರ ಅಥವಾ 20ರ ಜೋಡಿ ಎಳೆ ಬೇಕು. ಮದುವೆಯ ಮನೆಯವರೊಬ್ಬರು ಗುಳೇದಗುಡ್ಡದ ಖಣವನ್ನು ಸೋಫಾದ ಆಸನಕ್ಕೆ ಹೊದಿಸಲು ತಂದಿದ್ದರು. ಖಣದ ಅಂದಕ್ಕೆ ನನ್ನ ಎರಡೂ ಕೈ ಮುಗಿಯುತ್ತೇನೆ. ಆದರೆ ಅದು ಕುಪ್ಪಸಕ್ಕೆಂದು ಕಿರಿದಾದ ಪನ್ನಾದಲ್ಲಿ, ಅಂದರೆ ಕಡಿಮೆ ಅಗಲದಲ್ಲಿ, ನೇಯ್ದದ್ದು, ಅದರ ಹೊಳೆಯುವ ಎಳೆಗಳು ದಿನದ ಉಜ್ಜಾಟಕ್ಕೆ ಹುಟ್ಟಿದವಲ್ಲ. ಒರಗುವ ಪುಟ್ಟ ದಿಂಬುಗಳ ಮುಂಭಾಗಕ್ಕೆ ಮಾತ್ರ ಖಣ ಹಾಕಿ, ಆಸನಕ್ಕೆ ಅದೇ ಬಣ್ಣದ ಕ್ಯಾನ್ವಾಸ್ ಹಾಕಿಕೊಟ್ಟೆ. ಆ ಮನೆಯಲ್ಲಿ ಎರಡೂ ಬಹುಕಾಲ ಬಾಳಿದವು.

ಆಮೇಲೆ ಪಾಲಿಯೆಸ್ಟರಿನ ಕಾಲ ಬಂತು: ಶೆನೀಲ್, ಮೈಕ್ರೋಫೈಬರ್, ಸ್ವೀಡ್ ಎಂದು ಕರೆಯುವ ನಯವಾದ ಬಟ್ಟೆಗಳು. ಇವನ್ನು ದೂರಲು ನನಗೆ ಇಷ್ಟವಿಲ್ಲ. ನೀರು ಕುಡಿಯದ ಕಾರಣ ಬೇಗ ಒಣಗುತ್ತವೆ, ಕುಗ್ಗುವುದು ಬಹಳ ಕಡಿಮೆ. ಮಲೆನಾಡಿಗೆ, ಕರಾವಳಿಗೆ ಹತ್ತಿ-ಪಾಲಿಯೆಸ್ಟರ್ ಮಿಶ್ರಣ ಒಳ್ಳೆಯದೆಂದೇ ಹೇಳುತ್ತೇನೆ. ಆದರೆ ಪಾಲಿಯೆಸ್ಟರ್ ಎಣ್ಣೆಯನ್ನು ಬಿಡುವುದಿಲ್ಲ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚುವ ನಮ್ಮಂಥವರ ಮನೆಯಲ್ಲಿ ಸೋಫಾದ ಬೆನ್ನಿನ ಮೇಲ್ತುದಿ ಮೊದಲು ಕಪ್ಪಾಗುತ್ತದೆ. ಹತ್ತಿಯಾದರೆ ಬಿಸಿನೀರು, ಸೋಪಿಗೆ ಎಣ್ಣೆ ಬಿಟ್ಟುಕೊಡುತ್ತದೆ. ಆದ್ದರಿಂದ ಪಾಲಿಯೆಸ್ಟರ್ ಸೋಫಾಕ್ಕೂ ತಲೆ ತಾಗುವ ಕಡೆ ಹತ್ತಿಯ ಪಟ್ಟಿ ಇರಲಿ. ಅರಿಶಿನದ ಕಲೆಗೂ ಹತ್ತಿಯೇ ಮೇಲು. ಸೋಪು ತಾಗಿದೊಡನೆ ಅರಿಶಿನ ಕೆಂಪಾಗುತ್ತದೆ, ಹೊಸಬರು ಹೆದರಿ ಇನ್ನಷ್ಟು ತಿಕ್ಕುತ್ತಾರೆ. ತಿಕ್ಕಬಾರದು. ಸೋಪು ತೊಳೆದು ಬಿಸಿಲಿಗೆ ಹಾಕಬೇಕು. ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ.

ಈಗಿನ ಅಂಗಡಿಗಳಲ್ಲಿ ಮಾದರಿ ಪುಸ್ತಕದ ಹಿಂದೆ ಮಾರ್ಟಿಂಡೇಲ್ ಎಂಬ ಅಂಕಿ ಬರೆದಿರುತ್ತದೆ: 15,000, 30,000, ಕೆಲವಕ್ಕೆ 50,000. ಬಟ್ಟೆಯ ತುಂಡನ್ನು ಯಂತ್ರದಲ್ಲಿ ಉಣ್ಣೆಯ ಬಟ್ಟೆಗೆ ಉಜ್ಜಿ, ಎಳೆ ಕಡಿಯುವವರೆಗೆ ಎಷ್ಟು ಸುತ್ತು ತಾಳಿತು ಎಂಬ ಲೆಕ್ಕ. ಮನೆಯ ದಿನಬಳಕೆಗೆ 20,000ಕ್ಕೆ ಮೇಲಿದ್ದರೆ ಸಾಕು. ಆದರೆ ಅದು ಒಣ ಉಜ್ಜಾಟದ ಪರೀಕ್ಷೆ. ಬೂಷ್ಟು, ಎಣ್ಣೆ, ಬಿಸಿಲು, ಒಗೆತ ಇವುಗಳ ಬಗ್ಗೆ ಆ ಅಂಕಿ ಏನನ್ನೂ ಹೇಳುವುದಿಲ್ಲ. ದೊಡ್ಡ ಅಂಕಿಯನ್ನೇ ನಂಬಿ ದುಬಾರಿ ಬಟ್ಟೆ ಕೊಳ್ಳುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ನನ್ನ ಮನಸ್ಸಿನಲ್ಲಿ ಹೆಚ್ಚು ಉಳಿದಿರುವ ಕೆಲಸ ಇದೇ ಹುಬ್ಬಳ್ಳಿಯ ವಿದ್ಯಾನಗರದ ಒಂದು ಮನೆಯದು. ಪಾರ್ಶ್ವವಾಯು ಹೊಡೆದ ಮಾವ ದಿನವಿಡೀ ಅದೇ ದಿವಾನದ ಮೇಲೆ, ತೊಡೆಯ ಮೇಲೆ ಹಸುಗೂಸು ಇಟ್ಟುಕೊಂಡ ಸೊಸೆ ಅದೇ ಕೋಣೆಯಲ್ಲಿ. ದಿವಾನಕ್ಕೆ ರೆಕ್ಸಿನ್ ಹಾಕಿಸಿದ್ದರು, ಒರೆಸಿದರೆ ಸಾಕೆಂದು. ಬೇಸಿಗೆಯಲ್ಲಿ ಆ ಹಿರಿಯರ ಬೆನ್ನು ಬೆವರಿ ರೆಕ್ಸಿನ್ನಿಗೆ ಅಂಟಿ ಚರ್ಮ ಕೆಂಪಾಗಿತ್ತು. ರೆಕ್ಸಿನ್ ಒರೆಸಲು ಬರುತ್ತದೆ, ಉಸಿರಾಡಲು ಬಿಡುವುದಿಲ್ಲ. ಅದನ್ನು ಹಾಗೇ ಬಿಟ್ಟು, ಮೇಲೆ ಎರಡು ಪದರದ ವ್ಯವಸ್ಥೆ ಮಾಡಿದೆ: ಕೆಳಗೆ ದಪ್ಪ ಟವೆಲ್ ಬಟ್ಟೆ, ಮೇಲೆ ಚೆನ್ನಾಗಿ ಒಗೆದು ಮೆತ್ತಗಾದ ಡಕ್, ಬದಿಗೆ ಲಾಡಿ. ಮೂರು ಜೊತೆ ಹೊಲಿದೆ: ಒಂದು ದಿವಾನದ ಮೇಲೆ, ಒಂದು ತಂತಿಯ ಮೇಲೆ, ಒಂದು ಕಪಾಟಿನಲ್ಲಿ. ಲಾಡಿ ಹಾಕಿದ್ದು ಸೊಸೆ ಒಂದು ಕೈಯಲ್ಲಿ ಮಗು ಹಿಡಿದು ಇನ್ನೊಂದು ಕೈಯಲ್ಲಿ ಬಿಚ್ಚಲು ಬರಲೆಂದು. ಕೆಲವು ತಿಂಗಳ ನಂತರ ಆಕೆ ಬಂದು, ಇನ್ನೊಂದು ಜೊತೆ ಬೇಕೆಂದಳು. ನನ್ನ ಕಸುಬಿನಲ್ಲಿ ನನಗೆ ಸಿಕ್ಕ ದೊಡ್ಡ ಮರ್ಯಾದೆ ಅದೇ.

ಹೊಲಿಯುವವರಿಗೆ, ಹೊಲಿಸುವವರಿಗೆ ಇನ್ನೆರಡು ಮಾತು. ಮೂರು ಜನ ಕೂರುವ ಮರದ ಸೋಫಾಕ್ಕೆ, 22 ಇಂಚಿನ ಆರು ದಿಂಬುಗಳಿದ್ದರೆ, 54 ಇಂಚು ಪನ್ನಾದ ಬಟ್ಟೆ ಐದೂವರೆ ಮೀಟರ್ ಆಸುಪಾಸು ಹಿಡಿಯುತ್ತದೆ. ಕುಗ್ಗುವಿಕೆಗೆ ಅರ್ಧ ಮೀಟರ್, ಮುಂದಿನ ತೇಪೆಗೆ ಅರ್ಧ ಮೀಟರ್ ಸೇರಿಸಿ. ತೇಪೆಗೆಂದು ಉಳಿಸಿದ ತುಂಡನ್ನು ಪೆಟ್ಟಿಗೆಯಲ್ಲಿ ಇಡಬೇಡಿ. ಕವರಿನ ಜೊತೆಗೇ ಅದನ್ನೂ ಒಗೆಯಿರಿ, ಜೊತೆಗೇ ಒಣಗಿಸಿ. ಬೇಕಾದ ದಿನ ಬಣ್ಣ ಹೊಂದುತ್ತದೆ. ಜಿಪ್ ನೈಲಾನಿನದಾಗಿರಲಿ, ದಿಂಬಿನ ಹಿಂಬದಿ ದಾಟಿ ಎರಡೂ ಮೂಲೆ ಸುತ್ತುವಷ್ಟು ಉದ್ದವಿರಲಿ. ಫೋಮಿಗೆ ಒಳಗೊಂದು ತೆಳು ಕೋರಾ ಚೀಲ ಹಾಕಿದರೆ ಹೊರಗಿನ ಕವರು ಸಲೀಸಾಗಿ ಜಾರುತ್ತದೆ.

ಕೊನೆಯದಾಗಿ ಖಾದಿ ಭಂಡಾರದವರಿಗೆ, ಕೈಮಗ್ಗದ ಸಹಕಾರ ಸಂಘಗಳಿಗೆ, ಬಟ್ಟೆ ಅಂಗಡಿಯವರಿಗೆ ಒಂದು ವಿನಂತಿ. ಥಾನಿನ ಮೇಲೆ ಬೆಲೆಯ ಚೀಟಿ ಅಂಟಿಸುತ್ತೀರಿ. ಅದೇ ಚೀಟಿಯ ಮೇಲೆ ಕನ್ನಡದಲ್ಲಿ ಇನ್ನೆರಡು ಸಾಲು ಬರೆಯಿರಿ: ಈ ಬಟ್ಟೆ ಮೊದಲ ಒಗೆತಕ್ಕೆ ನೂರಕ್ಕೆ ಎಷ್ಟು ಕುಗ್ಗುತ್ತದೆ, ಇದರ ಬಣ್ಣ ನೀರಿಗೂ ಬಿಸಿಲಿಗೂ ಎಷ್ಟು ನಿಲ್ಲುತ್ತದೆ. ಧ್ವಜದ ಬಟ್ಟೆಗೆ ಇದನ್ನು ಅಳೆಯಲು ಬರುವ ನಾಡಿನಲ್ಲಿ ಕುರ್ಚಿಯ ಬಟ್ಟೆಗೂ ಅಳೆಯಲು ಬರುತ್ತದೆ.